ಒಪ್ಪಿಗೆಯ ಗುಂಡಿಯೂ ಬೇಸರದ ಲೆಕ್ಕವೂ

2012ರ ಜನವರಿಯಲ್ಲಿ ಒಂದು ವಾರದ ಕಾಲ ಫೇಸ್‌ಬುಕ್ ಸಂಸ್ಥೆ ತನ್ನ 6,89,003 ಬಳಕೆದಾರರ ಮೇಲೆ ಪ್ರಯೋಗವೊಂದನ್ನು ನಡೆಸಿತು. ಕೆಲವರಿಗೆ ಗೆಳೆಯರ ಸಂತೋಷದ ಬರಹಗಳು, ಇನ್ನು ಕೆಲವರಿಗೆ ದುಃಖದ ಬರಹಗಳು ಕಡಿಮೆ ಕಾಣುವಂತೆ ಮಾಡಿ, ಅವರ ಬರವಣಿಗೆಯ ಭಾವ ಬದಲಾಗುವುದೇ ಎಂದು ಕಂಪ್ಯೂಟರಿನಿಂದ ಎಣಿಸಲಾಯಿತು. ಅವರಲ್ಲಿ ಒಬ್ಬರನ್ನೂ ಮೊದಲು ಕೇಳಿರಲಿಲ್ಲ. ಖಾತೆ ತೆರೆಯುವಾಗ ಸಂಸ್ಥೆಯ ನಿಯಮಗಳಿಗೆ ಒಪ್ಪಿದ್ದೇ ಸಾಕಷ್ಟು ಒಪ್ಪಿಗೆ ಎಂದು ಸಂಶೋಧಕರು ವಾದಿಸಿದರು. 2014ರಲ್ಲಿ ಪ್ರಬಂಧ ಪ್ರಕಟವಾಗಿ ಗದ್ದಲವೆದ್ದಾಗ, ಅದನ್ನು ಅಚ್ಚು ಹಾಕಿದ ಪತ್ರಿಕೆ ತನ್ನ ಕಳವಳವನ್ನೂ ಅಚ್ಚು ಹಾಕಿ ಸುಮ್ಮನಾಯಿತು.

ನಾವು ಕಂಪ್ಯೂಟರಿನ ವಿರೋಧಿಗಳಲ್ಲ. ಮನಶ್ಶಾಸ್ತ್ರವು ‘ಮನುಷ್ಯ’ನೆಂದು ಕರೆಯುತ್ತ ಬಂದದ್ದು ಬಹುಮಟ್ಟಿಗೆ ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಯನ್ನೇ ಎಂದು ಹೆನ್ರಿಕ್, ಹೈನೆ ಮತ್ತು ನೊರೆಂಜಾಯನ್ 2010ರಲ್ಲಿ ತೋರಿಸಿಕೊಟ್ಟರು. 2015ರಲ್ಲಿ ನೂರು ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ, ಶೇ. 40ಕ್ಕಿಂತ ಕಡಿಮೆ ಪ್ರಯೋಗಗಳಷ್ಟೇ ಹಿಂದಿನ ಫಲಿತಾಂಶವನ್ನು ಉಳಿಸಿಕೊಂಡವು. ಕಡಿಮೆ ಖರ್ಚಿನಲ್ಲಿ ದೂರದ ಸಾವಿರಾರು ಜನರನ್ನು ತಲುಪಬಲ್ಲ ಅಂತರ್ಜಾಲ ಈ ಎರಡು ದೋಷಗಳಿಗೂ ಮದ್ದಾಗಬಹುದು. ನಮ್ಮ ತಕರಾರು ಅಲ್ಲಿಲ್ಲ. ಸಂಖ್ಯೆ ದೊಡ್ಡದಾದಷ್ಟೂ ಮನುಷ್ಯನನ್ನು ಕೇಳುವ ಅಗತ್ಯ ಕಡಿಮೆಯಾಗುತ್ತದೆ ಎಂಬ ಧೋರಣೆಯಲ್ಲಿದೆ.

ಮೇಲಿನ ಪ್ರಯೋಗವನ್ನೇ ನೋಡಿ. ಅದಕ್ಕೆ ಆಯ್ಕೆಯಾದವರು ಇಂಗ್ಲಿಷಿನಲ್ಲಿ ಫೇಸ್‌ಬುಕ್ ನೋಡುವವರು ಮಾತ್ರ. ಬರಹದಲ್ಲಿ ಹರ್ಷಸೂಚಕ ಪದ ಒಂದಿದ್ದರೂ ಸಾಕು, ಯಂತ್ರದ ಲೆಕ್ಕದಲ್ಲಿ ಅದು ಹರ್ಷದ ಬರಹ. ನಮ್ಮಲ್ಲಿ ‘ಚೆನ್ನಾಗಾಯ್ತು ಬಿಡಿ’ ಎಂದು ನಿಟ್ಟುಸಿರಿಟ್ಟವರನ್ನು ಆ ಯಂತ್ರ ಯಾವ ಪಟ್ಟಿಗೆ ಸೇರಿಸೀತು?

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೂ ಇಂಥದೊಂದು ಸಮೀಕ್ಷೆ ಬಂದಿತ್ತು. ನೌಕರರ ಮಾನಸಿಕ ಒತ್ತಡದ ಅಧ್ಯಯನ. ಆನ್‌ಲೈನಿನಲ್ಲೇ ಭರ್ತಿ ಮಾಡಬೇಕು. ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ದುಃಖಕ್ಕೊಂದು ಪ್ರಶ್ನೆ, ದಣಿವಿಗೊಂದು, ನಿರುತ್ಸಾಹಕ್ಕೊಂದು. ಪಕ್ಕದ ಮೇಜಿನ ಕನ್ನಡಿಗ ಮಿತ್ರರು, ‘ನನಗಿರೋದು ಬೇಸರ ಸ್ವಾಮಿ, ಅದನ್ನ ಎಲ್ಲಿ ತುಂಬಲಿ?’ ಎಂದರು. ತಮ್ಮನ ಮಾತಿನಿಂದಾದ ನೋವೂ ಬೇಸರ, ಭಾನುವಾರ ಸಂಜೆಯ ಖಾಲಿತನವೂ ಬೇಸರ, ಊರಿಗೆ ಹೋಗಲಾಗದ ಹಬ್ಬವೂ ಬೇಸರ. ಆ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊನೆಯ ಪುಟದಲ್ಲಿ ಹೆಸರು ಐಚ್ಛಿಕ, ನೌಕರರ ಸಂಖ್ಯೆ ಕಡ್ಡಾಯ! ನಮ್ಮ ವಿಭಾಗದವರೆಲ್ಲ ‘ಎಂದೂ ಇಲ್ಲ’ ಎಂಬುದನ್ನೇ ಒತ್ತಿ ಕೆಲಸಕ್ಕೆ ಮರಳಿದೆವು. ಫಲಿತಾಂಶವನ್ನು ನಮಗಾರೂ ತಿಳಿಸಲಿಲ್ಲ. ಕಾಗದದ ಮೇಲೆ ನಾವೆಲ್ಲ ಪರಮಸುಖಿಗಳಾಗಿ ಉಳಿದಿರಬೇಕು.

ಇದು ತಂತ್ರಜ್ಞಾನದ ತಪ್ಪಲ್ಲ, ಕೇಳುವವರ ಸೋಮಾರಿತನ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವವರು ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಕೊಡಬೇಕು. ಆ ಅನುಸೂಚಿಯಲ್ಲಿ ಕನ್ನಡವಿದೆ. ಪುಣೆಯಲ್ಲಿರಲಿ ದೆಹಲಿಯಲ್ಲಿರಲಿ, ನಾವು ಅದನ್ನು ಕನ್ನಡದಲ್ಲಿ ಕೇಳಬಹುದು. ಆದರೆ ಅದೇ ಕಾಯಿದೆ ಕೆಲವು ಷರತ್ತುಗಳಿಗೆ ಒಳಪಟ್ಟು ಸಂಶೋಧನೆಗೆ ವಿನಾಯಿತಿಯನ್ನೂ ಕೊಟ್ಟಿದೆ. ಕಾನೂನು ಬಿಟ್ಟುಕೊಟ್ಟ ಕಡೆಯೇ ಸಂಶೋಧಕನ ವಿವೇಕ ಎಚ್ಚರವಾಗಿರಬೇಕು.

ಆದ್ದರಿಂದ ನಮ್ಮ ಬೇಡಿಕೆ ಸರಳ. ಪ್ರಯೋಗವೆಂದು ಮೊದಲೇ ಹೇಳಿ. ಹಾಗೆ ಹೇಳಿದರೆ ಪ್ರಯೋಗವೇ ಕೆಡುವುದಾದರೆ, ಮುಗಿದ ಕೂಡಲೇ ಹೇಳಿ, ಬೇಡವೆಂದವರ ಉತ್ತರಗಳನ್ನು ಅಳಿಸಿ. ಪ್ರಶ್ನೆಗಳನ್ನು ಅನುವಾದಿಸಿ ಕೈಬಿಡದೆ, ಆ ಭಾಷೆಯನ್ನಾಡುವವರೊಡನೆ ಕುಳಿತು ರೂಪಿಸಿ. ತಿಳಿದದ್ದನ್ನು ಉತ್ತರಿಸಿದವರಿಗೂ ತಿಳಿಸಿ. ಇಷ್ಟನ್ನೂ ಮಾಡದವರು ಮುಂದಿನ ಬಾರಿ ಕೊಂಡಿ ಕಳಿಸಿದರೆ, ಗುಂಡಿ ಒತ್ತುವ ಮೊದಲು ನಾವೇ ಅವರಿಗೆ ನಾಲ್ಕು ಪ್ರಶ್ನೆ ಕಳಿಸೋಣ, ಕನ್ನಡದಲ್ಲೇ.