ಗ್ರೀನ್ ಟ್ರೇಡ್: ಲೆಕ್ಕ ನೋಡದೆ ಜೈಕಾರ ಬೇಡ

2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಆಸ್ಟ್ರೇಲಿಯದ ಕ್ಯಾಮರಾನ್ ಗ್ರೀನ್ ಅವರನ್ನು ಕೋಲ್ಕತಾ ತಂಡವು 25.20 ಕೋಟಿ ರೂಪಾಯಿಗೆ ಕೊಂಡಿತು. ಅಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಎರಡು ವರ್ಷದ ಹಿಂದಿನ ವಾದವನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಖಾನಾಪುರದ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಶಿಷ್ಯನೊಬ್ಬನಂತೂ ಫೋನು ಮಾಡಿ, "ನೋಡ್ರಿ ಸರ, ಇಪ್ಪತ್ತೈದು ಕೋಟಿ ಬಾಳೂ ಆಟಗಾರನ್ನ ನಮ್ಮ ಆರ್‌ಸಿಬಿ ಹದಿನೇಳೂವರಿ ಕೋಟಿಗೆ ತಂದಿತ್ತು. ನೀವಾಗ ಸುಮ್ಮನ ಬೈದ್ರಿ" ಎಂದ. ತಿಳಕವಾಡಿಯ ನಮ್ಮ ನೆಂಟರ ಮನೆಯ ಹುಡುಗರ ಮಾತೂ ಇದೇ ಧಾಟಿಯದು.

ನಾನು ಬೈದದ್ದು ಸುಮ್ಮನೆ ಅಲ್ಲ. ಗಣಿತ ಕಲಿಸಿದವನಿಗೆ ಆಟಗಾರನ ಹೆಸರಿಗಿಂತ ಅವನ ಹೆಸರಿನ ಮುಂದಿನ ಅಂಕಿ ಮೊದಲು ಕಾಣುತ್ತದೆ. 2023ರ ನವೆಂಬರಿನಲ್ಲಿ ಮುಂಬೈ ತಂಡದಿಂದ ಗ್ರೀನ್ ಅವರನ್ನು ಬೆಂಗಳೂರು ತಂಡ ತಂದದ್ದು ನಷ್ಟದ ವ್ಯವಹಾರವೆಂದು ಅಂದು ಹೇಳಿದ್ದೆ, ಇಂದೂ ಹೇಳುತ್ತೇನೆ. ಕಾರಣಗಳನ್ನು ಕ್ರಮವಾಗಿ ಮುಂದಿಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು 'ಪರ್ಸ್' ಎಂದರೆ ಏನೆಂದು ಸ್ಪಷ್ಟವಾಗಬೇಕು. ಆಟಗಾರರಿಗಾಗಿ ಒಂದು ತಂಡ ಇಷ್ಟರವರೆಗೆ ಮಾತ್ರ ವೆಚ್ಚ ಮಾಡಬಹುದೆಂಬ ಮಿತಿಯೇ ಪರ್ಸ್. 2024ರ ಋತುವಿಗೆ ಅದು 100 ಕೋಟಿ ಇತ್ತು, 2025ಕ್ಕೆ 120 ಕೋಟಿ ಆಯಿತು. ಮಾಲೀಕರ ಬೊಕ್ಕಸದಲ್ಲಿ ಸಾವಿರ ಕೋಟಿ ಇದ್ದರೂ ಈ ಗೆರೆ ದಾಟುವಂತಿಲ್ಲ. ನಮ್ಮ ಬಾಲ್ಯದಲ್ಲಿ ಸಕ್ಕರೆ ರೇಷನ್ ಕಾರ್ಡಿನ ಮೇಲೆ ಸಿಗುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಕಾರ್ಡಿನಲ್ಲಿ ಬರೆದಷ್ಟೇ ಸಕ್ಕರೆ. ಕೈಯಲ್ಲಿ ದುಡ್ಡಿದೆಯೆಂದು ಅಂಗಡಿಯವನು ಹೆಚ್ಚು ಅಳೆಯುತ್ತಿರಲಿಲ್ಲ. ಬಂದ ಒಬ್ಬ ಅತಿಥಿಗಾಗಿ ತಿಂಗಳ ಸಕ್ಕರೆಯನ್ನೆಲ್ಲ ಸುರಿದು ಕುಂದಾ ಮಾಡಿದರೆ ಕುಂದಾ ರುಚಿಯಾಗಿತ್ತೋ ಇಲ್ಲವೋ ಎಂಬುದು ಮುಖ್ಯ ಪ್ರಶ್ನೆಯಾಗುವುದಿಲ್ಲ. ಮರುದಿನದಿಂದ ಮನೆಮಂದಿ ಚಹಾಕ್ಕೆ ಏನು ಹಾಕಿಕೊಳ್ಳಬೇಕು ಎಂಬುದೇ ಪ್ರಶ್ನೆ. ಪರ್ಸ್ ಕೂಡ ಇಂಥ ರೇಷನ್ನೇ. ಆದ್ದರಿಂದ ಒಬ್ಬ ಆಟಗಾರನಿಗೆ ಕೊಟ್ಟ ಬೆಲೆಯನ್ನು, ಆ ಬೆಲೆಯಿಂದಾಗಿ ಯಾರನ್ನು ಬಿಡಬೇಕಾಯಿತು, ಯಾರನ್ನು ಕೊಳ್ಳಲಾಗಲಿಲ್ಲ ಎಂಬುದರಿಂದ ಅಳೆಯಬೇಕು.

ಈಗ ಅಂಕಿಗಳನ್ನು ನೋಡೋಣ. 2023ರ ನವೆಂಬರ್ ಕೊನೆಗೆ ಬೆಂಗಳೂರು ತಂಡವು ಹರ್ಷಲ್ ಪಟೇಲ್ (10.75 ಕೋಟಿ), ವನಿಂದು ಹಸರಂಗ (10.75 ಕೋಟಿ), ಜೋಶ್ ಹೇಜಲ್‌ವುಡ್ (7.75 ಕೋಟಿ) ಸೇರಿದಂತೆ ಹಲವರನ್ನು ಬಿಟ್ಟುಕೊಟ್ಟಿತು. ಈ ಮೂವರು ಬೌಲರುಗಳಿಂದಲೇ 29.25 ಕೋಟಿ ತೆರವಾಯಿತು. ಒಟ್ಟು ಕೈಗೆ ಬಂದ ಪರ್ಸ್ 40.75 ಕೋಟಿ. ಅದರಲ್ಲಿ 17.50 ಕೋಟಿ ಗ್ರೀನ್ ಒಬ್ಬರಿಗೇ ಹೋಯಿತು. ಉಳಿದದ್ದು 23.25 ಕೋಟಿ, ತುಂಬಬೇಕಾದ ಸ್ಥಾನಗಳು ಆರು. ಡಿಸೆಂಬರ್ 19ರ ದುಬೈ ಹರಾಜಿನಲ್ಲಿ ಅದರ ಅರ್ಧದಷ್ಟನ್ನು, ಅಂದರೆ 11.50 ಕೋಟಿಯನ್ನು, ವೆಸ್ಟ್ ಇಂಡೀಸಿನ ಅಲ್ಜಾರಿ ಜೋಸೆಫ್ ಅವರಿಗೆ ಕೊಟ್ಟರು. ಕೊಹ್ಲಿ 15 ಕೋಟಿ, ಗ್ರೀನ್ 17.50, ಜೋಸೆಫ್ 11.50, ಮ್ಯಾಕ್ಸ್‌ವೆಲ್ 11. ನಾಲ್ವರಿಗೆ 55 ಕೋಟಿ! ನೂರರಲ್ಲಿ ಐವತ್ತೈದು ನಾಲ್ವರ ಪಾಲಾದ ಮೇಲೆ ಉಳಿದ ತಂಡವೆಲ್ಲ 45 ಕೋಟಿಯಲ್ಲಿ ಬದುಕಬೇಕು.

ಫಲವೇನಾಯಿತು? ಗ್ರೀನ್ 2024ರಲ್ಲಿ ತಂಡದ 15 ಪಂದ್ಯಗಳ ಪೈಕಿ 13ರಲ್ಲಿ ಆಡಿ 255 ರನ್ ಹೊಡೆದು 10 ವಿಕೆಟ್ ಪಡೆದರು. ಕೆಟ್ಟ ಆಟವೆಂದು ನಾನು ಹೇಳಲಾರೆ; ಋತುವಿನ ಉತ್ತರಾರ್ಧದಲ್ಲಿ ತಂಡ ಸತತ ಆರು ಪಂದ್ಯ ಗೆದ್ದಾಗ ಅವರ ಪಾಲೂ ಇತ್ತು. ಆದರೆ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದ್ ತಂಡ 3 ವಿಕೆಟ್‌ಗೆ 287 ರನ್ ಬಾರಿಸಿ ಐಪಿಎಲ್ ದಾಖಲೆ ಬರೆದ ದಿನ ಈ 17.50 ಕೋಟಿಯ ಆಟಗಾರ ಹೊರಗೆ ಕುಳಿತಿದ್ದರು. ಒಳಗೆ ನಾಲ್ವರು ಬೌಲರುಗಳು ತಲಾ 50ಕ್ಕಿಂತ ಹೆಚ್ಚು ರನ್ ಕೊಟ್ಟು ತಲೆತಗ್ಗಿಸಿದರು. ಅವರಲ್ಲಿ ಒಬ್ಬ ನಮ್ಮ ಕರ್ನಾಟಕದ ವೈಶಾಖ್ ವಿಜಯಕುಮಾರ್. ಅವರ ಬೆಲೆ 20 ಲಕ್ಷ. ಬಯ್ಗುಳವೆಲ್ಲ ಆ ಹುಡುಗನಿಗೆ ಬಿತ್ತು, ಪರ್ಸನ್ನು ಹಂಚಿದವರಿಗೆ ಯಾರೂ ಒಂದು ಮಾತು ಹೇಳಲಿಲ್ಲ.

ಬಿಟ್ಟುಕೊಟ್ಟವರ ಗತಿಯನ್ನೂ ನ್ಯಾಯವಾಗಿ ನೋಡಬೇಕು. ಹಸರಂಗ ಗಾಯದಿಂದ ಆ ವರ್ಷ ಆಡಲೇ ಇಲ್ಲ. ಹೇಜಲ್‌ವುಡ್ ಮೊದಲರ್ಧಕ್ಕೆ ಸಿಗುವಂತಿರಲಿಲ್ಲ. ಅವರಿಬ್ಬರನ್ನು ಬಿಟ್ಟದ್ದು ಸರಿಯೇ. ಆದರೆ ಹರ್ಷಲ್? ಪಂಜಾಬ್ ತಂಡ 11.75 ಕೋಟಿ ಕೊಟ್ಟು ಕೊಂಡಿತು. ಅವರು 24 ವಿಕೆಟ್ ಪಡೆದು ಆ ಋತುವಿನ ಪರ್ಪಲ್ ಕ್ಯಾಪ್ ಧರಿಸಿದರು. ಅತ್ತ ಅವರಿಗಿಂತ ಬರಿಯ 25 ಲಕ್ಷ ಕಡಿಮೆ ಬೆಲೆಯ ಅಲ್ಜಾರಿ ಜೋಸೆಫ್ ನಮಗಾಗಿ ಮೂರು ಪಂದ್ಯ ಆಡಿ ಒಂದು ವಿಕೆಟ್ ಪಡೆದರು. ಗ್ರೀನ್ ಬರದಿದ್ದರೆ ಹರ್ಷಲ್ ಅವರನ್ನು ಇಟ್ಟುಕೊಂಡೂ ಕೈಯಲ್ಲಿ ಇನ್ನೂ 30 ಕೋಟಿ ಇರುತ್ತಿತ್ತು. 40.75 ರಿಂದ 10.75 ಕಳೆಯಿರಿ, ಇದಕ್ಕೆ ಬೀಜಗಣಿತ ಬೇಕಿಲ್ಲ.

ಇನ್ನು ಮುಂಬೈಯ ಕಡೆ ಬನ್ನಿ. ಅವರು ತಮ್ಮ ಆಟಗಾರರನ್ನು ಬಿಟ್ಟ ಮೇಲೆ ಕೈಯಲ್ಲಿದ್ದದ್ದು 15.25 ಕೋಟಿ. ಗುಜರಾತಿನಿಂದ ಹಾರ್ದಿಕ್ ಪಾಂಡ್ಯರನ್ನು 15 ಕೋಟಿಗೆ ತಂದರೆ ಉಳಿಯುವುದು 25 ಲಕ್ಷ. ಅಷ್ಟರಲ್ಲಿ ಹರಾಜಿಗೆ ಹೋಗಿ ಕೈಯೆತ್ತುವುದಾದರೂ ಹೇಗೆ? ಅವರಿಗೆ ಗ್ರೀನ್ ಅವರ 17.50 ಕೋಟಿ ಹೊರಗೆ ಹೋಗಲೇಬೇಕಿತ್ತು. ಹೋಯಿತು, ಅವರ ಪರ್ಸ್ 17.75 ಕೋಟಿಗೆ ಏರಿತು. ಹಾರ್ದಿಕ್ ಕೂಡ ಬಂದರು, ಹರಾಜಿಗೆ ಹಣವೂ ಉಳಿಯಿತು. ಮಾರಲೇಬೇಕಾದ ಒತ್ತಡದಲ್ಲಿರುವವನ ಬಳಿ ಹೋಗಿ ಹೇಳಿದ ಬೆಲೆಯನ್ನೇ ಕೊಟ್ಟು ಬರುವ ಗಿರಾಕಿಯನ್ನು ನಮ್ಮ ದನದ ಸಂತೆಯಲ್ಲಿ ಏನೆನ್ನುತ್ತಾರೆಂದು ನಿಮಗೆ ಹೇಳಬೇಕಿಲ್ಲ. ಮುಂಬೈ ತಂಡ ಆ ವರ್ಷ ಕೊನೆಯ ಸ್ಥಾನಕ್ಕೆ ಇಳಿಯಿತೆಂಬ ಉತ್ತರ ನನಗೆ ಗೊತ್ತಿದೆ. ಅವರು ಮೈದಾನದಲ್ಲಿ ಸೋತರೆಂಬ ಕಾರಣಕ್ಕೆ ನಾವು ಮಾಡಿದ ಚೌಕಾಸಿ ಜಾಣತನವಾಗುವುದಿಲ್ಲ.

"ಹರಾಜಿಗೆ ಬಿಟ್ಟಿದ್ದರೆ ಗ್ರೀನ್ ಇನ್ನೂ ದುಬಾರಿಯಾಗುತ್ತಿದ್ದರು, ಸ್ಟಾರ್ಕ್ 24.75, ಕಮಿನ್ಸ್ 20.50 ಕೋಟಿಗೆ ಹೋಗಲಿಲ್ಲವೇ?" ಎಂದು ಕೇಳುವವರಿದ್ದಾರೆ. ಹೋದರು. ಕೋಲ್ಕತಾ ತಂಡವು ಗ್ರೀನ್ ಅವರಿಗೆ 25.20 ಕೋಟಿ ಕೊಟ್ಟದ್ದೂ ನಿಜ. ಆದರೆ ಆ ಹರಾಜಿಗೆ ಅದು ಎಲ್ಲರಿಗಿಂತ ದೊಡ್ಡ ಪರ್ಸ್, 64.30 ಕೋಟಿ, ಹಿಡಿದು ಬಂದಿತ್ತು. ತುಂಬಿದ ಕಣಜದವನು ಕೊಟ್ಟ ಬೆಲೆ ಅರೆಹೊಟ್ಟೆಯವನಿಗೆ ಮಾದರಿಯೇ? ಒಂದು ವಸ್ತು ಪೇಟೆಯಲ್ಲಿ ದುಬಾರಿಯೆಂದ ಮಾತ್ರಕ್ಕೆ ನನ್ನ ಮನೆಗೆ ಅದು ಬೇಕೆಂದು ಸಿದ್ಧವಾಗುವುದಿಲ್ಲ.

ನಮ್ಮ ತಂಡಕ್ಕೆ ಈ ಚಾಳಿ ಹಳೆಯದು. 2018ರಲ್ಲಿ ಕ್ವಿಂಟನ್ ಡಿ ಕಾಕ್ ಅವರನ್ನು ಮುಂಬೈಗೆ ಕೇವಲ 2.80 ಕೋಟಿಗೆ ಕಳುಹಿಸಿದರು. ಅವರಿಗೆ ಜಾಗ ಮಾಡಲು ಮುಂಬೈ ಬಿಟ್ಟದ್ದು ಮುಸ್ತಫಿಜುರ್ (2.20 ಕೋಟಿ) ಮತ್ತು ಅಕಿಲ ಧನಂಜಯ (50 ಲಕ್ಷ) ಇಬ್ಬರನ್ನು. ಡಿ ಕಾಕ್ 2019ರಲ್ಲಿ 529, 2020ರಲ್ಲಿ 503 ರನ್ ಹೊಡೆದರು; ಎರಡೂ ವರ್ಷ ಕಪ್ ಮುಂಬೈಗೆ. ನಾವು ಹರಾಜಿನಲ್ಲಿ ಶಿವಂ ದುಬೆಗೆ 5 ಕೋಟಿ, ಹೆಟ್ಮೆಯರ್‌ಗೆ 4.20 ಕೋಟಿ ಕೊಟ್ಟು 2019ರಲ್ಲಿ ಪಟ್ಟಿಯ ತಳದಲ್ಲಿ ಕುಳಿತೆವು. ಅಗ್ಗದ ಒಳ್ಳೆಯ ಸಾಮಾನನ್ನು ಮಾರಿ ದುಬಾರಿಯ ಅನುಮಾನದ ಸಾಮಾನು ತರುವುದಕ್ಕೆ ವ್ಯಾಪಾರವೆಂದು ಹೆಸರಿಡಲಾಗದು.

ಇದಕ್ಕೆ ವಿರುದ್ಧವಾದ ಉದಾಹರಣೆ ಗ್ರೀನ್ ವ್ಯವಹಾರದ ವಾರದಲ್ಲೇ ನಡೆದಿತ್ತು. ರಾಜಸ್ಥಾನ ತಂಡವು ನಮ್ಮ ದೇವದತ್ತ ಪಡಿಕ್ಕಲ್ (7.75 ಕೋಟಿ) ಅವರನ್ನು ಲಖನೌಗೆ ಕೊಟ್ಟು ಅವೇಶ್ ಖಾನ್ (10 ಕೋಟಿ) ಅವರನ್ನು ಪಡೆಯಿತು. ಅದಕ್ಕೆ ಪರ್ಸಿನಿಂದ ಹೆಚ್ಚುವರಿಯಾಗಿ ಹೋದದ್ದು 2.25 ಕೋಟಿ ಮಾತ್ರ. ಅವೇಶ್ ಆ ಋತುವಿನಲ್ಲಿ 19 ವಿಕೆಟ್ ಪಡೆದರು. ಅದರಲ್ಲಿ ಮೂರು, ಅಹಮದಾಬಾದಿನ ಎಲಿಮಿನೇಟರ್ ಪಂದ್ಯದಲ್ಲಿ ನಮ್ಮ ಬೆಂಗಳೂರಿನವರದೇ. ಎರಡೂಕಾಲು ಕೋಟಿಯಲ್ಲಿ ಕೊಂಡ ಬಲ ಹದಿನೇಳೂವರೆ ಕೋಟಿಯಲ್ಲಿ ಕೊಂಡ ಬಲವನ್ನು ಮನೆಗೆ ಕಳುಹಿಸಿತು.

2025ರ ಗೆಲುವು ಕೂಡ ನನ್ನ ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ. ಗ್ರೀನ್ ಅವರನ್ನು ಬಿಟ್ಟು ಕೊಹ್ಲಿ (21 ಕೋಟಿ), ರಜತ್ ಪಾಟಿದಾರ್ (11), ಯಶ್ ದಯಾಳ್ (5) ಮೂವರನ್ನೇ ಉಳಿಸಿಕೊಂಡು 83 ಕೋಟಿಯೊಡನೆ ಜೆಡ್ಡಾ ಹರಾಜಿಗೆ ಹೋದರು. ಅಲ್ಲಿ ಕೊಟ್ಟ ಅತಿ ಹೆಚ್ಚಿನ ಬೆಲೆ ಹೇಜಲ್‌ವುಡ್ ಅವರಿಗೆ, 12.50 ಕೋಟಿ. ಅವರು 22 ವಿಕೆಟ್ ಪಡೆದರು. ಭುವನೇಶ್ವರ್ 10.75, ಕೃನಾಲ್ ಪಾಂಡ್ಯ 5.75, ಪಡಿಕ್ಕಲ್ ಕೇವಲ 2 ಕೋಟಿ. ಜೂನ್ 3ರ ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದವರು ಆ 5.75 ಕೋಟಿಯ ಕೃನಾಲ್. ರೇಷನ್ನನ್ನು ಹದವಾಗಿ ಹಂಚಿದಾಗ ಹದಿನೆಂಟು ವರ್ಷದ ಹಸಿವು ತೀರಿತು. (ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಮಡಿದ ಹನ್ನೊಂದು ಮಂದಿಯನ್ನು ನೆನೆದಾಗ ಆ ಕಪ್ಪಿನ ಬಗ್ಗೆ ಹೆಚ್ಚು ಸಂಭ್ರಮಿಸಿ ಬರೆಯಲು ಮನಸ್ಸು ಬಾರದು.)

ಇಷ್ಟಾದರೂ ನನ್ನ ಸಿಟ್ಟು ಬೆಂಗಳೂರಿನ ಮೇಲಷ್ಟೇ ಅಲ್ಲ, ನಿಯಮದ ಮೇಲೂ ಇದೆ. ಹಾರ್ದಿಕ್ ಅವರನ್ನು ಬಿಟ್ಟುಕೊಡಲು ಮುಂಬೈಯವರು ಗುಜರಾತಿನವರಿಗೆ 15 ಕೋಟಿಯ ಸಂಬಳದ ಹೊರಗೆ ಬೇರೆ ವರ್ಗಾವಣೆ ಶುಲ್ಕ ಕೊಟ್ಟರು. ಎಷ್ಟೆಂದು ಜನರಿಗೆ ತಿಳಿಸಲಿಲ್ಲ. ಆ ಶುಲ್ಕ ಪರ್ಸಿನ ಲೆಕ್ಕಕ್ಕೆ ಬರುವುದೂ ಇಲ್ಲ. ಹಾಗಾದರೆ ಸಮಾನತೆಗಾಗಿ ಎಳೆದ ಮಿತಿಯ ಅರ್ಥವೇನು? ಮುಂಬಾಗಿಲಲ್ಲಿ ಎಲ್ಲರಿಗೂ ಒಂದೇ ಅಳತೆಯ ರೇಷನ್, ಹಿಂಬಾಗಿಲಲ್ಲಿ ಶ್ರೀಮಂತನಿಗೆ ಚೀಲಗಟ್ಟಲೆ ಸಕ್ಕರೆ!

ಕೆನಡಾದಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬ ಅಲ್ಲಿಯ ಐಸ್ ಹಾಕಿಯ ವಿಚಾರ ಆಗಾಗ ಬರೆಯುತ್ತಾನೆ. ಅಲ್ಲಿಯ ಎನ್‌ಎಚ್‌ಎಲ್ ಲೀಗಿನಲ್ಲಿ ವೇತನ ಮಿತಿಗಾಗಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ 2004-05ರ ಋತುವೇ ಪೂರ್ತಿ ರದ್ದಾಯಿತು. ಮುಂದಿನ ಋತುವಿನಿಂದ ಮಿತಿ ಜಾರಿಗೆ ಬಂತು. ಅಲ್ಲಿ ಒಂದು ತಂಡವು ಆಟಗಾರನನ್ನು ಬೇರೆಡೆಗೆ ಕಳುಹಿಸುವಾಗ ಅವನ ಸಂಬಳದ ಅರ್ಧದವರೆಗೆ ತಾನೇ ಹೊತ್ತುಕೊಳ್ಳಬಹುದು. ಆದರೆ ಹೊತ್ತುಕೊಂಡ ಭಾಗ ಆ ತಂಡದ ಮಿತಿಯೊಳಗೇ ಎಣಿಕೆಯಾಗುತ್ತದೆ. ಮನೆ ಬಿಟ್ಟುಹೋದವನ ಊಟವೂ ಮನೆಯ ಲೆಕ್ಕದಲ್ಲೇ! ನಮ್ಮಲ್ಲಿಯೂ ವರ್ಗಾವಣೆ ಶುಲ್ಕವನ್ನು ಬಹಿರಂಗಪಡಿಸಬೇಕು, ಕೊಟ್ಟ ತಂಡದ ಪರ್ಸಿನಿಂದ ಕಳೆಯಬೇಕು. ಇದು ನನ್ನ ಬೇಡಿಕೆ.

"ಮುದುಕನಿಗೆ ಇದೆಲ್ಲ ಏಕೆ" ಎಂದು ನಿಮ್ಮಲ್ಲಿ ಯಾರಾದರೂ ನಗಬಹುದು. ಬೆಳಗಾವಿಯ ರೋನಿತ್ ಮೋರೆ ಇಲ್ಲಿಂದಲೇ ಹೋಗಿ ಕರ್ನಾಟಕದ ರಣಜಿ ತಂಡಕ್ಕೆ ವೇಗದ ಬೌಲಿಂಗ್ ಮಾಡಿದವರು. ಇಂದೂ ಈ ಊರಿನ ಮೈದಾನಗಳಲ್ಲಿ, ಖಾನಾಪುರದ ಕಡೆಯ ಹಳ್ಳಿಗಳಲ್ಲಿ, ಅಂಥ ಕನಸು ಹೊತ್ತ ಹುಡುಗರಿದ್ದಾರೆ. ಪರ್ಸಿನ ಮೇಲ್ತುದಿಯಲ್ಲಿ ಒಬ್ಬರಿಗೆ ಹದಿನೇಳೂವರೆ ಕೋಟಿ ಸುರಿದಾಗ ಕೆಳತುದಿಯ 20 ಲಕ್ಷ, 30 ಲಕ್ಷದ ಹುಡುಗರನ್ನು ಸಿದ್ಧತೆಯಿಲ್ಲದೆ ಬೆಂಕಿಗೆ ದೂಡಲಾಗುತ್ತದೆ. ಸುಟ್ಟುಕೊಂಡರೆ ಅವರನ್ನೇ ಹೀಯಾಳಿಸಲಾಗುತ್ತದೆ. ಅದನ್ನು ನೋಡಿ ಸುಮ್ಮನಿರಲು ಮೂವತ್ತು ವರ್ಷ ಹುಡುಗರ ನಡುವೆ ಕಳೆದ ನನಗೆ ಆಗದು.

ಮುಂದಿನ ಬಾರಿ ಯಾವುದಾದರೂ ಟ್ರೇಡ್ ಸುದ್ದಿ ಬಂದಾಗ ಜೈಕಾರ ಹಾಕುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಪರ್ಸಿನಿಂದ ಹೋದದ್ದೆಷ್ಟು, ಆ ಹಣಕ್ಕಾಗಿ ಬಿಟ್ಟವರು ಯಾರು, ಉಳಿದದ್ದರಲ್ಲಿ ತುಂಬಬೇಕಾದ ಸ್ಥಾನಗಳೆಷ್ಟು. ಗ್ರೀನ್ ವ್ಯವಹಾರ ಲಾಭದ್ದೆಂದು ಈಗಲೂ ಹಟ ಹಿಡಿಯುವವರು ತಮ್ಮ ಲೆಕ್ಕವನ್ನು ನನಗೆ ಕಳುಹಿಸಬಹುದು. ಉತ್ತರವನ್ನಷ್ಟೇ ಬರೆದರೆ ಸಾಲದು; ಹಂತಗಳನ್ನು ತೋರಿಸಿ. ನಿಮಗೆ ಗೊತ್ತೇ ಇದೆ, ನನ್ನಲ್ಲಿ ಅಂಕ ಸಿಗುವುದು ಹಂತಗಳಿಗೆ.