ಕಬ್ಬಿನೊಳಗಿನ ನೀರು ಉಪಗ್ರಹಕ್ಕೆ ಕಾಣೋದಿಲ್ಲ

ಮಳೆಗಾಲ ಶುರುವಾದ್ರೆ ನಮ್ಮ ಜಮಖಂಡಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎರಡೇ ಸುದ್ದಿ. ಒಂದು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಂತು ಅನ್ನೋದು. ಇನ್ನೊಂದು, ಉಪಗ್ರಹದ್ದು ಅಂತ ಯಾರೋ ಹಾಕಿದ ನೀಲಿ ಬಣ್ಣದ ನಕ್ಷೆ. ಮೊದಲನೆಯದನ್ನು ಅಪ್ಪ ನಂಬ್ತಾರೆ. ಎರಡನೆಯದನ್ನು ನಾನು ಕಣ್ಣು ಮುಚ್ಚಿ ನಂಬ್ತಿದ್ದೆ, 2019ರ ಆಗಸ್ಟ್‌ವರೆಗೆ.

ಆ ಸಲ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಗೆ ಬಿಟ್ಟಿದ್ದರು. ನಮ್ಮ ಪಕ್ಕದ ಹೊಲದ ಕಾಕಾ ಅವರ 3 ಎಕರೆ ಕಬ್ಬಿನಲ್ಲಿ ಎದೆಮಟ್ಟ ನೀರು ವಾರಕ್ಕೂ ಮೇಲೆ ನಿಂತಿತ್ತು. ನೀರು ಇಳಿದ ಮೇಲೆ ಹಾನಿ ಪಟ್ಟಿ ಮಾಡಲು ಬಂದವರೊಬ್ಬರು ಮೊಬೈಲಿನಲ್ಲಿ ನಕ್ಷೆ ತೋರಿಸಿ, "ನಿಮ್ಮ ಹೊಲದಾಗ ನೀರು ಬಂದದ್ದೇ ಕಾಣಂಗಿಲ್ಲಲ್ರೀ" ಅಂದರು. ಕಾಕಾ ನನ್ನ ಕಡೆ ತಿರುಗಿ, "ಏನ್ ತಮ್ಮಾ, ನೀ ಕಲ್ತಾಂವ ಅದೀ, ಹೇಳು" ಅಂದರು. ನನಗೆ ಬಾಯಿ ಬರಲಿಲ್ಲ. ಆಮೇಲೆ ಹುಡುಕಿ ಓದಿ ತಿಳ್ಕೊಂಡೆ.

ಕ್ಯಾಮೆರಾ ಥರ ಫೋಟೊ ತೆಗೆಯೋ ಉಪಗ್ರಹಕ್ಕೆ ಮೋಡ ಅಡ್ಡ ಬಂದರೆ ಕೆಳಗಿನದು ಏನೂ ಕಾಣಲ್ಲ. ಪ್ರವಾಹ ಬರೋದೇ ಮೋಡದ ದಿನಗಳಲ್ಲಿ! ಹಾಗಾಗಿ ಪ್ರವಾಹಕ್ಕೆ ರೇಡಾರ್ ಉಪಗ್ರಹ ಬೇಕು. ಯುರೋಪಿನ ಸೆಂಟಿನೆಲ್-1, ನಮ್ಮ ಇಸ್ರೋ 2022ರ ಫೆಬ್ರುವರಿಯಲ್ಲಿ ಹಾರಿಸಿದ ಇಒಎಸ್-04 ಇಂಥವು. ಇವು ತಾವೇ ತರಂಗ ಬಿಟ್ಟು, ತಿರುಗಿ ಬಂದದ್ದನ್ನು ಅಳೆಯುತ್ತವೆ. ಮೋಡ ಇರಲಿ, ರಾತ್ರಿ ಇರಲಿ, ಅಡ್ಡಿಯಿಲ್ಲ. ನಿಂತ ನೀರು ಕನ್ನಡಿ ಇದ್ದಂಗೆ, ಓರೆಯಾಗಿ ಬಿದ್ದ ತರಂಗವನ್ನು ಆ ಕಡೆಗೇ ಜಾರಿಸಿಬಿಡುತ್ತೆ. ಉಪಗ್ರಹಕ್ಕೆ ಏನೂ ವಾಪಸ್ ಬರದೆ ಚಿತ್ರದಲ್ಲಿ ಆ ಜಾಗ ಕಪ್ಪಾಗುತ್ತೆ. ಆ ಕಪ್ಪಿಗೇ ನೀಲಿ ಬಣ್ಣ ತುಂಬಿ ನಮಗೆ ಕಳಿಸ್ತಾರೆ.

ಆದ್ರೆ ಆಳೆತ್ತರ ಬೆಳೆದು ದಟ್ಟವಾದ ಕಬ್ಬಿದ್ದರೆ? ಈ ಎರಡೂ ಉಪಗ್ರಹ ಬಳಸೋದು ಸಿ-ಬ್ಯಾಂಡ್ ಅನ್ನೋ ಸಣ್ಣ ತರಂಗ. ಅದು ಬಹುಪಾಲು ಮೇಲಿನ ಎಲೆಗೇ ಬಡಿದು ವಾಪಸ್ ಹೋಗುತ್ತೆ, ಬುಡದ ನೀರನ್ನು ಮುಟ್ಟೋದೇ ಕಷ್ಟ. ಚಿತ್ರದಲ್ಲಿ ಆ ಹೊಲ ಒಣಗಿದಂತೆ ಕಾಣಬಹುದು. ಕಾಕಾ ಅವರ ಹೊಲಕ್ಕೆ ಆಗಿದ್ದು ಇದೇ ಇರಬೇಕು ಅಂತ ನನ್ನ ಲೆಕ್ಕ. ಇನ್ನೊಂದು ತೊಡಕೂ ಇದೆ. ಒಂದು ಸೆಂಟಿನೆಲ್-1 ಅದೇ ದಾರಿಯಲ್ಲಿ ಮತ್ತೆ ಬರೋದು 12 ದಿನಕ್ಕೆ. ನಡುವೆ ನೀರು ಏರಿ ಇಳಿದುಹೋದರೆ ಅದಕ್ಕೆ ಗೊತ್ತೇ ಆಗಲ್ಲ.

ಹಾಗಂತ ಉಪಗ್ರಹ ಬೇಡ ಅನ್ನೋ ಪೈಕಿ ನಾನಲ್ಲ. ಕೊಪರ್ನಿಕಸ್ ಬ್ರೌಸರ್ ಅಂತ ಇದೆ, ದುಡ್ಡು ಕೊಡಬೇಕಾಗಿಲ್ಲ. ಸೆಂಟಿನೆಲ್-1 ಆರಿಸಿ, 2019ರ ಆಗಸ್ಟ್ ತಿಂಗಳಿಗೆ ಹೋಗಿ, ನಿಮ್ಮ ಊರು ಹುಡುಕಿ. ಹಿಂದಿನ ಬೇಸಿಗೆಯ ಚಿತ್ರದ ಜೊತೆ ಇಟ್ಟು ನೋಡಿ. ನಾನು ಹಾಗೆ ನೋಡಿದಾಗ ನೀರು ನೇರ ಹೊಳೆಯಿಂದ ಬಂದಿರಲಿಲ್ಲ, ಹಿಂದಿನ ಹಳ್ಳದೊಳಗಿಂದ ಹಿಮ್ಮುಖವಾಗಿ ಏರಿತ್ತು. ನಾವು ಬಣವಿ ಒಟ್ಟುತ್ತಿದ್ದದ್ದು ಅದೇ ಹಳ್ಳದ ದಂಡೆಗೆ! ಈಗ ಬಣವಿ, ಮೋಟರಿನ ಸ್ಟಾರ್ಟರ್ ಪೆಟ್ಟಿಗೆ ಎರಡೂ ಜಾಗ ಬದಲಾಗಿವೆ.

ನಾಳೆ ಎಷ್ಟು ನೀರು ಬರುತ್ತೆ ಅನ್ನೋದನ್ನು ಮಾತ್ರ ಈ ಚಿತ್ರದಲ್ಲಿ ಹುಡುಕಬೇಡಿ, ಅದು ಆಗಿಹೋದದ್ದರ ಚಿತ್ರ. ಮುನ್ಸೂಚನೆಗೆ ಮೇಲ್ಗಡೆಯ ಮಳೆ, ಹೊಳೆಯ ಮಟ್ಟ, ಡ್ಯಾಮಿನ ಹೊರಹರಿವು ಎಲ್ಲ ಕೂಡಿಸಿ ಲೆಕ್ಕ ಹಾಕಬೇಕು. ಮಳೆಯ ಅಂದಾಜಿಗೂ ಉಪಗ್ರಹ ನೆರವಾಗುತ್ತೆ, ಸರಿ. ಕೊಯ್ನಾ ನೀರು ಕರಾಡದಲ್ಲಿ ಕೃಷ್ಣೆಗೆ ಕೂಡಿ, ಸಾಂಗ್ಲಿ ದಾಟಿ ನಮ್ಮಲ್ಲಿಗೆ ಬರೋದಕ್ಕೆ ಹೊತ್ತು ಹಿಡಿಯುತ್ತೆ. ದನ ಬಿಚ್ಚಿಕೊಂಡು ದಿಬ್ಬ ಹತ್ತೋಕೆ ನಮಗಿರೋದು ಅಷ್ಟೇ ಹೊತ್ತು. ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಆ್ಯಪ್ ಫೋನಿನಲ್ಲಿರಲಿ, ಜೊತೆಗೆ ಅಪ್ಪನ ಕ್ಯೂಸೆಕ್ ಲೆಕ್ಕವನ್ನೂ ಬಿಡಬೇಡಿ.

ಸರ್ಕಾರಕ್ಕೆ ನಾನು ಕೇಳೋದು ಎರಡೇ. ಪ್ರವಾಹದ ನಕ್ಷೆಯನ್ನು ಸರ್ವೆ ನಂಬರ್ ಹಾಕಿ, ಕನ್ನಡದಲ್ಲಿ, ಮಳೆಗಾಲಕ್ಕೆ ಮುಂಚೆ ಪಂಚಾಯಿತಿ ಗೋಡೆಗೆ ಹಚ್ಚಿ. ಪರಿಹಾರಕ್ಕೆ ನಕ್ಷೆ ಒಂದು ಸಾಕ್ಷಿ ಆಗಲಿ, ಅದೊಂದೇ ಸಾಕ್ಷಿ ಆಗೋದು ಬೇಡ, ಅದರಲ್ಲೂ ಕಬ್ಬಿನ ಸೀಮೆಯಲ್ಲಿ.

ಅಲ್ಲಿವರೆಗೆ ನಮ್ಮ ಸಾಕ್ಷಿ ನಾವೇ ಇಟ್ಟುಕೊಳ್ಳಬೇಕು. ನೀರು ನಿಂತಾಗ ತಾರೀಖು, ಜಾಗ ಬೀಳುವ ಹಾಗೆ ಕಬ್ಬಿನ ಬುಡದ ಫೋಟೊ ತೆಗೀರಿ, ದಿನಾ ಒಂದು. ಕಾಕಾ ಈಗ ಪಂಪಿನ ಮನೆ ಗೋಡೆ ಮೇಲೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 2019 ಅಂತ ಬರೆಸಿದ್ದಾರೆ. ಪಟ್ಟಿ ಮಾಡೋಕೆ ಯಾರು ಬಂದರೂ ಮೊದಲು ಅಲ್ಲಿಗೇ ಕರ್ಕೊಂಡು ಹೋಗ್ತಾರೆ.