ಗೆರೆ ದಾಟಿದರೂ ಆಟ ನಿಲ್ಲುವುದಿಲ್ಲ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ 90 ನಿಮಿಷ ಕಾದಾಡಿದರೂ ಗೋಲು ಬಂದಿರಲಿಲ್ಲ. ಹೆಚ್ಚುವರಿ ಸಮಯ ಶುರುವಾದ ಕೆಲವೇ ನಿಮಿಷಕ್ಕೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಅಡ್ಡಗೋಡೆ ಕಟ್ಟಿ ನಿಲ್ಲುವುದರೊಳಗೆ, ಗೋಲ್‌ಕೀಪರ್ ತನ್ನ ಜಾಗ ಹಿಡಿಯುವುದರೊಳಗೆ, ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿಯೇಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ವಾದ ಜೋರಾಯಿತು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಮೈದಾನದೊಳಕ್ಕೆ ಬಂದು ತಮ್ಮ ಹುಡುಗರನ್ನು ಕರೆದುಕೊಂಡು ಹೊರಟೇ ಹೋದರು. ಸ್ವಲ್ಪ ಹೊತ್ತು ಕಾದ ಮೇಲೆ ಪಂದ್ಯ ಬೆಂಗಳೂರಿನ ಪಾಲಾಯಿತು.

ಆ ಗೋಲು ಸರಿಯೋ ತಪ್ಪೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಆ ಜಗಳದ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಮರೆಯಾಗಿಬಿಡುತ್ತದೆ: ಆಟ ನಡೆದಿರುವಾಗ ಆಟಗಾರ ಮೈದಾನ ಬಿಟ್ಟು ಹೋದರೆ ನಿಯಮ ಏನು ಹೇಳುತ್ತದೆ?

ನಮ್ಮ ಕುರ್ತಕೋಟಿ, ಮುಂಡರಗಿ, ಶಿರಹಟ್ಟಿ ಕಡೆ ಕಬಡ್ಡಿ ನೋಡಿ ಬೆಳೆದವರಿಗೆ ಫುಟ್‌ಬಾಲಿನ ಈ ನಿಯಮ ಮೊದಮೊದಲು ವಿಚಿತ್ರವಾಗಿ ಕಾಣುತ್ತದೆ. ಕಬಡ್ಡಿಯಲ್ಲಿ ಸುಣ್ಣದ ಗೆರೆಯಾಚೆ ಕಾಲು ಊರಿದರೆ ಔಟ್, ಮುಗಿಯಿತು. ಫುಟ್‌ಬಾಲಿನಲ್ಲಿ ಗೆರೆ ಇರುವುದು ಮುಖ್ಯವಾಗಿ ಚೆಂಡಿಗೆ. ಚೆಂಡು ಪೂರ್ತಿ ಆಚೆ ಹೋದರೆ ಆಟ ನಿಲ್ಲುತ್ತದೆ, ಆಟಗಾರ ಆಚೆ ಹೋದರೆ ನಿಲ್ಲಬೇಕೆಂದೇನೂ ಇಲ್ಲ. ಎದುರಾಳಿಯನ್ನು ತಪ್ಪಿಸಿ ಓಡುವ ರಭಸದಲ್ಲಿ ಗೆರೆಯಾಚೆ ನಾಲ್ಕು ಹೆಜ್ಜೆ ಹಾಕಿ ಒಳಗೆ ಬಂದರೆ ಅದು ಆಟದ ಭಾಗವೇ. ಗೋಲು ಹೊಡೆದ ಖುಷಿಯಲ್ಲಿ ಹೊರಗೆ ಓಡಿದರೂ ತಪ್ಪಲ್ಲ, ಬೇಗ ಮರಳಬೇಕು ಅಷ್ಟೆ. (ಅದೇ ಖುಷಿಯಲ್ಲಿ ಅಂಗಿ ಕಳಚಿದರೆ ಮಾತ್ರ ಹಳದಿ ಕಾರ್ಡ್ ಗ್ಯಾರಂಟಿ!)

ರಕ್ತ ಸುರಿಯುತ್ತಿದ್ದರೆ ಆಟಗಾರ ಹೊರಗೆ ಹೋಗಲೇಬೇಕು. ರಕ್ತ ನಿಂತಿದೆಯೆಂದು ಖಾತ್ರಿಯಾಗಿ, ರೆಫರಿ ಸನ್ನೆ ಮಾಡಿದ ಮೇಲೆಯೇ ವಾಪಸು. ಪೆಟ್ಟು ಬಿದ್ದು ಹೊರಗೆ ಹೋದವನು ಆಟ ನಡೆದಿರುವಾಗ ಒಳಬರುವುದಾದರೆ ಪಕ್ಕದ ಗೆರೆಯಿಂದಲೇ ಬರಬೇಕು, ಗೋಲಿನ ಬದಿಯಿಂದ ನುಸುಳುವಂತಿಲ್ಲ. ಅಪ್ಪಣೆಯಿಲ್ಲದೆ ಬೇಕೆಂತಲೇ ಹೊರಗೆ ಹೋದರೆ ಹಳದಿ ಕಾರ್ಡ್. ಅಪ್ಪಣೆ ಬೇಕಿದ್ದವನು ಕೇಳದೆ ಒಳಗೆ ಬಂದರೂ ಅದೇ ಶಿಕ್ಷೆ.

ನಿಯಮದ ಜಾಣತನ ಕಾಣುವುದು ಆಫ್‌ಸೈಡಿನಲ್ಲಿ. ಮುನ್ನುಗ್ಗುವ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಸಾಮಾನ್ಯವಾಗಿ ಎದುರು ತಂಡದ ಇಬ್ಬರಿರಬೇಕು, ಇಲ್ಲವೇ ಅವರಲ್ಲಿ ಹಿಂದಿನಿಂದ ಎರಡನೆಯವನ ಸಮಸಮಕ್ಕೆ ಅವನು ಇರಬೇಕು. ಹಾಗಿದ್ದರೆ ರಕ್ಷಣಾ ಆಟಗಾರನೊಬ್ಬ ಉಪಾಯವಾಗಿ ಗೆರೆಯಾಚೆ ಸರಿದು ಎದುರಾಳಿಯನ್ನು ಆಫ್‌ಸೈಡ್ ಮಾಡಿಬಿಡಬಹುದಲ್ಲ? ಆಗದು. ಹೊರಗೆ ಹೋದವನನ್ನು ಅವನು ದಾಟಿದ ಗೆರೆಯ ಮೇಲೆಯೇ ನಿಂತಿದ್ದಾನೆಂದು ರೆಫರಿ ಲೆಕ್ಕ ಹಿಡಿಯುತ್ತಾರೆ.

2008ರ ಯೂರೋ ಕಪ್‌ನಲ್ಲಿ ಇದು ಜಗತ್ತಿನ ಕಣ್ಣಿಗೇ ಬಿತ್ತು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಇಟಲಿಯ ಪಂದ್ಯ. ಇಟಲಿಯ ಪನುಚ್ಚಿ ತಮ್ಮದೇ ಗೋಲ್‌ಕೀಪರ್ ಬುಫಾನ್‌ಗೆ ಡಿಕ್ಕಿಯಾಗಿ ಗೋಲಿನ ಗೆರೆಯಾಚೆ ಬಿದ್ದಿದ್ದರು. ಅಷ್ಟರಲ್ಲಿ ವಾನ್ ನಿಸ್ಟಲ್‌ರಾಯ್ ಗೋಲು ಹೊಡೆದರು. ಟಿವಿ ಮುಂದೆ ಕೂತವರಿಗೆಲ್ಲ ಅದು ಸ್ಪಷ್ಟ ಆಫ್‌ಸೈಡ್. ಸ್ವೀಡನ್ನಿನ ರೆಫರಿ ಫ್ರೋಯ್ಡ್‌ಫೆಲ್ಟ್ ಗೋಲು ಕೊಟ್ಟರು. ಇಟಲಿಯ ಅಭಿಮಾನಿಗಳು ಕೂಗಾಡಿದರೂ ತೀರ್ಪು ಸರಿಯಿತ್ತು: ಹೊರಗೆ ಬಿದ್ದ ಪನುಚ್ಚಿ ಲೆಕ್ಕದಲ್ಲಿ ಒಳಗೇ ಇದ್ದರು. ನೆದರ್ಲೆಂಡ್ಸ್ 3-0ಯಿಂದ ಗೆದ್ದಿತು.

ಒಬ್ಬನಲ್ಲ, ತಂಡವೇ ಹೊರಟುಹೋದರೆ? ಒಂದು ತಂಡದಲ್ಲಿ 7 ಮಂದಿಗಿಂತ ಕಡಿಮೆಯಾದರೆ ಪಂದ್ಯ ಮುಂದುವರಿಯುವಂತಿಲ್ಲ. ಆದರೆ ಬೇಕೆಂತಲೇ ಹೊರಗೆ ಹೋಗಿ ಸಂಖ್ಯೆ ಇಳಿಸಿದ್ದಾದರೆ ರೆಫರಿ ಆ ಕ್ಷಣಕ್ಕೇ ಸೀಟಿ ಊದಬೇಕಾಗಿಲ್ಲ. ಎದುರಾಳಿ ಚೆಂಡು ಒಯ್ಯುತ್ತಿದ್ದರೆ ಆಡಲು ಬಿಡಬಹುದು, ಗೋಲಾದರೆ ಗೋಲೇ. ಚೆಂಡು ಒಮ್ಮೆ ನಿಂತ ಮೇಲೆ ಮಾತ್ರ ಮತ್ತೆ ಶುರು ಮಾಡುವಂತಿಲ್ಲ. ಆಟ ಬಿಟ್ಟು ಹೋಗುವುದನ್ನು ಗೋಲು ತಪ್ಪಿಸುವ ದಾರಿ ಮಾಡಿಕೊಳ್ಳಬಾರದು ಎಂಬುದೇ ಇಲ್ಲಿನ ಉದ್ದೇಶ.

ಕಂಠೀರವದಲ್ಲಿ ಗೋಲು ಅದಾಗಲೇ ಆಗಿಹೋಗಿತ್ತು. ತಮಗೆ ಸೀಟಿಯೂ ಬೇಡ, ಎದುರಾಳಿ ದೂರ ಸರಿಯುವುದೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದು ಚೆಟ್ರಿ ಆಮೇಲೆ ವಿವರಿಸಿದರು. ಹಾಗೆ ಬೇಗ ಹೊಡೆಯಲು ನಿಯಮದಲ್ಲಿ ಅವಕಾಶವಿದೆ. ಎದುರಾಳಿ 9.15 ಮೀಟರ್ ದೂರ ನಿಲ್ಲಬೇಕೆಂಬುದು ಹೊಡೆಯುವವನಿಗೆ ಇರುವ ಸೌಲಭ್ಯ, ಬೇಡವೆಂದರೆ ಅವನು ಬಿಟ್ಟುಕೊಡಬಹುದು. ಆದರೂ ಕೇರಳದವರಿಗೆ ಮೋಸ ಹೋದಂತೆ ಅನಿಸಿದ್ದು ಸಹಜ. ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ ನಮ್ಮ ಲೀಗಿನಲ್ಲಿರಲಿಲ್ಲ. ಗೋಲಾಯಿತೋ ಇಲ್ಲವೋ ಎಂಬುದರಲ್ಲಿ ರೆಫರಿಯ ಮಾತೇ ಕೊನೆ.

ಆ ಹೊತ್ತಿನ ಸ್ಥಿತಿ ನೋಡಿ. ಗೋಲು ಬಿಟ್ಟುಕೊಟ್ಟ ತಂಡವೇ ಮಧ್ಯದಿಂದ ಆಟ ಶುರು ಮಾಡಬೇಕು. ಅಂದರೆ ಚೆಂಡು ಬ್ಲಾಸ್ಟರ್ಸ್ ಕೈಯಲ್ಲಿತ್ತು, ಮುಂದೆ 20 ನಿಮಿಷಕ್ಕೂ ಹೆಚ್ಚು ಆಟವಿತ್ತು, ಸಮ ಮಾಡಲು ಒಂದೇ ಗೋಲು ಸಾಕಿತ್ತು. ದೂರು ಕೊಡುವ ಹಕ್ಕಂತೂ ಆಡಿದ ಮೇಲೂ ಉಳಿದಿರುತ್ತಿತ್ತು. ಹೊರನಡೆದದ್ದರಿಂದ ಆ ನಿಮಿಷಗಳು ಕೈಬಿಟ್ಟವು. ಆಮೇಲೆ ಕೊಟ್ಟ ದೂರೂ ತಿರಸ್ಕೃತವಾಯಿತು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಮೊತ್ತ ಹೆಚ್ಚಾಯಿತು ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. 2012ರ ಡಿಸೆಂಬರಿನಲ್ಲಿ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಬೆಂಗಾಲ್ ವಿರುದ್ಧ ವಿರಾಮದ ನಂತರ ಕಣಕ್ಕಿಳಿಯಲಿಲ್ಲ. ಅಲ್ಲಿ ಕನಿಷ್ಠ ಒಂದು ಕಾರಣವಿತ್ತು, ಅವರ ಆಟಗಾರ ನಬಿಗೆ ಗ್ಯಾಲರಿಯಿಂದ ಕಲ್ಲು ಬಿದ್ದಿತ್ತು. ಆದರೂ ಶಿಕ್ಷೆ ತಪ್ಪಲಿಲ್ಲ. ಕಂಠೀರವದಲ್ಲಿ ಕಲ್ಲು ಬಿದ್ದಿರಲಿಲ್ಲ, ಬಿದ್ದದ್ದು ಗೋಲು.